ಪ್ರೇಮಕಥೆಗಳ ಮಾರಾಟ ಏರಿತು, ಲೇಖಕರ ಸಂಘ ದಿವಾಳಿಯಾಯಿತು: ಅಮೆರಿಕದಲ್ಲಿ ನಡೆದದ್ದೇನು?

ಅಮೆರಿಕದಲ್ಲಿ 2020ರಲ್ಲಿ ಸುಮಾರು 1.8 ಕೋಟಿ ರೊಮ್ಯಾನ್ಸ್ ಪುಸ್ತಕಗಳು ಮಾರಾಟವಾದವು. 2023ರಲ್ಲಿ ಆ ಸಂಖ್ಯೆ 3.9 ಕೋಟಿ ದಾಟಿತು. ಇದು ಅಚ್ಚಾದ ಪುಸ್ತಕಗಳ ಲೆಕ್ಕ ಮಾತ್ರ. ಇ-ಬುಕ್, ಆಡಿಯೋ ಎಲ್ಲ ಬೇರೆ. ಮೂರೇ ವರ್ಷದಲ್ಲಿ ದುಪ್ಪಟ್ಟಿಗಿಂತ ಜಾಸ್ತಿ.

ಹೀಗಿರುವಾಗ 2024ರ ಮೇ 29ರಂದು ಅದೇ ದೇಶದ ರೊಮ್ಯಾನ್ಸ್ ಲೇಖಕರ ಸಂಘ ಟೆಕ್ಸಸ್‌ನ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಅಂತ ಅದರ ಹೆಸರು. ಒಂದು ಕಾಲಕ್ಕೆ ಹತ್ತು ಸಾವಿರದಷ್ಟಿದ್ದ ಸದಸ್ಯರು ಐದು ವರ್ಷದಲ್ಲಿ ಎರಡು ಸಾವಿರಕ್ಕೆ ಇಳಿದಿದ್ದರು. ಯಾಕೆ ಅಂತ ಸಂಘವೇ ಅರ್ಜಿಯಲ್ಲಿ ಹೇಳಿಕೊಂಡಿತ್ತು: ವೈವಿಧ್ಯ, ಸಮಾನತೆ, ಎಲ್ಲರನ್ನೂ ಒಳಗೊಳ್ಳುವುದು, ಇವುಗಳ ಬಗ್ಗೆ ನಡೆದ ಜಗಳಗಳೇ ಮುಖ್ಯ ಕಾರಣ.

ಸುದ್ದಿ ಓದಿದವರು ಎರಡು ಬಣವಾದರು. ವೈವಿಧ್ಯದ ಹಠ ಹಿಡಿದು ಸಂಘ ಮುಳುಗಿತು ಅಂದರು ಕೆಲವರು. ವೈವಿಧ್ಯಕ್ಕೆ ಅಡ್ಡಗಾಲು ಹಾಕಿ ಮುಳುಗಿತು ಅಂದರು ಇನ್ನು ಕೆಲವರು. ಎರಡೂ ಕಡೆಯವರು ತೋರಿಸಿದ್ದು ಒಂದೇ ಅರ್ಜಿಯನ್ನು! ಇದನ್ನು ಬಿಡಿಸಬೇಕಾದರೆ ಕೋರ್ಟಿನ ಕಾಗದ ಸಾಲದು. ಕಪ್ಪು ನಾಯಕಿ, ಏಷ್ಯನ್ ನಾಯಕ, ಆಟಿಸಂ ಇರುವ ಹುಡುಗಿ, ಇಬ್ಬರು ಗಂಡಸರ ಪ್ರೀತಿ, ಇಂಥ ಕಥೆಗಳನ್ನು ಜನ ಇಷ್ಟಪಟ್ಟು ಓದುವುದು ಯಾಕೆ ಅನ್ನುವಲ್ಲಿಂದ ಶುರು ಮಾಡಬೇಕು.

## ಕೊನೆ ಗೊತ್ತಿರುವ ಕಥೆ

ರೊಮ್ಯಾನ್ಸ್ ಕಾದಂಬರಿಗೆ ಎರಡೇ ಕಟ್ಟಳೆ. ಪ್ರೀತಿಯೇ ಕಥೆಯ ನಡುಮನೆಯಲ್ಲಿರಬೇಕು. ಕೊನೆ ಸುಖವಾಗಿರಬೇಕು, ಕನಿಷ್ಠ ಭರವಸೆಯಾದರೂ ಉಳಿಯಬೇಕು. ಈ ಸಂಘ ಕೂಡ ಹಾಗೇ ವ್ಯಾಖ್ಯಾನ ಮಾಡಿತ್ತು. ನಾಯಕಿ ಕೊನೆಯ ಅಧ್ಯಾಯದಲ್ಲಿ ಕ್ಷಯ ಬಂದು ಸತ್ತರೆ ಅದು ಒಳ್ಳೆಯ ಕಾದಂಬರಿ ಇರಬಹುದು, ರೊಮ್ಯಾನ್ಸ್ ಅಲ್ಲ.

ಅಂದರೆ ಪುಸ್ತಕ ಕೈಗೆತ್ತಿಕೊಳ್ಳುವಾಗಲೇ ಓದುಗರಿಗೆ ಕೊನೆ ಗೊತ್ತು. ಇವರಿಬ್ಬರೂ ಒಂದಾಗ್ತಾರೆ. ಹಾಗಾದರೆ 350 ಪುಟ ಓದಿಸುವುದು ಯಾವುದು? ಅಡ್ಡಿ. ಇವರು ಇಷ್ಟು ಹೊತ್ತು ಯಾಕೆ ಒಂದಾಗಲಿಲ್ಲ ಅನ್ನುವುದಕ್ಕೆ ನಂಬುವಂಥ ಕಾರಣ ಬೇಕು. ಕಾರಣ ಗಟ್ಟಿಯಿದ್ದರೆ ಕಥೆ ಗಟ್ಟಿ.

ಹಿಂದೆ ಅಡ್ಡಿಗಳಿಗೆ ಬರವಿರಲಿಲ್ಲ. ಅಪ್ಪ ಒಪ್ಪಲ್ಲ, ಅಂತಸ್ತು ಬೇರೆ, ವರದಕ್ಷಿಣೆಗೆ ದುಡ್ಡಿಲ್ಲ, ಮಾನ ಹೋಗುತ್ತೆ. ಆದರೆ ಇವತ್ತಿನ ಷಿಕಾಗೊದಲ್ಲಿರುವ ಮೂವತ್ತರ ಬಿಳಿಯ ವಕೀಲೆಗೂ ಮೂವತ್ತೆರಡರ ಬಿಳಿಯ ಆರ್ಕಿಟೆಕ್ಟ್‌ಗೂ ನಡುವೆ ಏನು ಅಡ್ಡಿ ಇದೆ ಹೇಳಿ? ಇಬ್ಬರಿಗೂ ಸಂಬಳ ಇದೆ. ಒಟ್ಟಿಗೆ ಇರಬೇಕಾದರೆ ಯಾರನ್ನೂ ಕೇಳಬೇಕಿಲ್ಲ. ಹಾಗಾಗಿ ಸಮಕಾಲೀನ ರೊಮ್ಯಾನ್ಸ್ ಬರೆಯುವವರು ಅಡ್ಡಿಗಳನ್ನು ತಯಾರು ಮಾಡತೊಡಗಿದರು. ಬಚ್ಚಿಟ್ಟ ಮಗು, ನೆನಪು ಹೋಗುವ ಅಪಘಾತ, ಸುಳ್ಳು ನಿಶ್ಚಿತಾರ್ಥ, ಒಂದೇ ಹಾಸಿಗೆ ಇರುವ ಹೋಟೆಲ್ ರೂಮು. ಇವೂ ಮಜವೇ, ಇಲ್ಲ ಅನ್ನಲ್ಲ. ಆದರೆ ಒಂದು ಫೋನ್ ಮಾಡಿದ್ರೆ ಮುಗಿದು ಹೋಗುವ ತಪ್ಪು ತಿಳಿವಳಿಕೆಯನ್ನು ನೂರು ಪುಟ ಎಳೆದಾಗ ಓದುಗರು ಪುಸ್ತಕ ಮುಚ್ಚಿಡುತ್ತಾರೆ.

ಹೊಸ ಬಗೆಯ ಕಥೆಗಳು ಒಳಗೆ ಬಂದದ್ದು ಈ ಬಿರುಕಿನಿಂದ.

## ಪ್ಲಾಸ್ಟಿಕ್ ಡಬ್ಬಿಯ ಊಟ

ಹೆಲೆನ್ ಹೋವಾಂಗ್ 2018ರಲ್ಲಿ ಬರೆದ 'ದಿ ಕಿಸ್ ಕೋಷೆಂಟ್' ಇದಕ್ಕೆ ಒಳ್ಳೆಯ ಉದಾಹರಣೆ. ನಾಯಕಿ ಸ್ಟೆಲ್ಲಾ ಕ್ಯಾಲಿಫೋರ್ನಿಯಾದವಳು. ಲೆಕ್ಕದಲ್ಲಿ ಜಾಣೆ, ಕೈತುಂಬ ಸಂಬಳ, ಆಟಿಸಂ ಇದೆ. ಮುಟ್ಟಿದರೆ, ಮುತ್ತು ಕೊಟ್ಟರೆ ಮೈ ಬಿಗಿಯಾಗುತ್ತದೆ. ಕಲಿತರೆ ಬಂದೀತು ಅಂತ ದುಡ್ಡು ಕೊಟ್ಟು ಒಬ್ಬ ಎಸ್ಕಾರ್ಟ್‌ನನ್ನು ಗೊತ್ತು ಮಾಡಿಕೊಳ್ಳುತ್ತಾಳೆ. ಅವನು ಮೈಕಲ್. ತಾಯಿಯ ಕಡೆಯಿಂದ ವಿಯೆಟ್ನಾಮಿನವನು.

ಅವನು ಒಮ್ಮೆ ಅವಳನ್ನು ಮನೆಗೆ ಕರೆದುಕೊಂಡು ಹೋಗುತ್ತಾನೆ. ಮನೆ ತುಂಬ ಸದ್ದು, ಜನ. ತಾಯಿ ಅಡುಗೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಬಿಸಿ ಮಾಡಿ ತರುತ್ತಾರೆ. ಪ್ಲಾಸ್ಟಿಕ್ ಕಾಯಿಸಿದರೆ ಅದರ ರಾಸಾಯನಿಕ ಊಟಕ್ಕೆ ಇಳಿಯುತ್ತದೆ ಅಂತ ಸ್ಟೆಲ್ಲಾ ಹೇಳಿಬಿಡುತ್ತಾಳೆ. ಅವಳ ಮನಸ್ಸಿನಲ್ಲಿ ಅದು ಕಾಳಜಿ. ಇದ್ದ ವಿಷಯ ಹೇಳಿದೆ, ಅಷ್ಟೇ. ಆದರೆ ಮೊದಲ ಸಲ ಬಂದ ಹುಡುಗಿ ಅಮ್ಮ ಬಡಿಸಿದ ಊಟಕ್ಕೆ ಹೆಸರಿಟ್ಟಳು ಅಂದರೆ ಆ ಮನೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾ?

ಈ ದೃಶ್ಯದಲ್ಲಿ ಯಾರೂ ಕೆಟ್ಟವರಲ್ಲ. ಯಾವುದೂ ಬಲವಂತವಾಗಿ ತಂದಿಟ್ಟ ತೊಡಕಲ್ಲ. ಒಬ್ಬಳ ನೇರ ಮಾತು, ಇನ್ನೊಬ್ಬರ ಮನೆಯ ಮರ್ಯಾದೆ, ಎರಡೂ ನಿಜ. ಡಿಕ್ಕಿ ಹೊಡೆಯಲೇಬೇಕು. ಒಂದು ಫೋನಿನಲ್ಲಿ ಇದು ಮುಗಿಯುವುದಿಲ್ಲ, ಯಾಕಂದರೆ ಇದು ತಪ್ಪು ತಿಳಿವಳಿಕೆಯೇ ಅಲ್ಲ. ಹೋವಾಂಗ್ ತಮಗೂ ಆಟಿಸಂ ಇರುವುದು ದೊಡ್ಡವರಾದ ಮೇಲೆ ಗೊತ್ತಾಯಿತು ಅಂತ ಹೇಳಿಕೊಂಡಿದ್ದಾರೆ. ಸದ್ದು, ವಾಸನೆ, ಬಟ್ಟೆಯ ಹೊಲಿಗೆ ಚುಚ್ಚುವುದು, ಇಂಥ ವಿವರಗಳು ಆ ಪುಸ್ತಕದಲ್ಲಿ ಅಷ್ಟು ಖಚಿತವಾಗಿರಲು ಅದೂ ಕಾರಣ ಇರಬೇಕು.

ಲೇಖಕಿ ಟಾಲಿಯಾ ಹಿಬರ್ಟ್ ಅವರ ಕಾದಂಬರಿಯ ನಾಯಕಿ ಕ್ಲೋಯಿ ಬ್ರೌನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಶ್ರೀಮಂತ ಕಪ್ಪು ಕುಟುಂಬದ ಹುಡುಗಿ. ಫೈಬ್ರೊಮಯಾಲ್ಜಿಯಾ ಅನ್ನುವ, ಮೈಯೆಲ್ಲ ನೋಯುವ ಕಾಯಿಲೆ ಅವಳಿಗೆ. ಕಾಯಿಲೆ ಬಂದ ಮೇಲೆ, ಮದುವೆ ನಿಶ್ಚಯವಾಗಿದ್ದ ಹುಡುಗ ಬಿಟ್ಟು ಹೋದ, ಗೆಳತಿಯರೂ ದೂರವಾದರು. ಹೊಸಬ ಬಂದಾಗ ಇವನೂ ಹಾಗೇ ಹೋಗ್ತಾನೆ ಅನ್ನುವ ಭಯ. ಇಲ್ಲಿ ಗಮನಿಸಬೇಕಾದ್ದು ಕೊನೆ. ಪ್ರೀತಿ ಸಿಕ್ಕಿತು ಅಂತ ನೋವು ವಾಸಿಯಾಗುವುದಿಲ್ಲ. ಹಳೆಯ ಕಥೆಗಳಲ್ಲಾಗಿದ್ದರೆ ಕುಂಟುವವಳು ನಡೆಯುತ್ತಿದ್ದಳು, ಕುರುಡನಿಗೆ ಕಣ್ಣು ಬರುತ್ತಿತ್ತು. ಸುಖಾಂತ್ಯ ಅಂದರೆ ದೇಹ ಸರಿಹೋಗುವುದು ಅನ್ನುವ ಲೆಕ್ಕ ಅದು. ಈ ಲೆಕ್ಕವನ್ನು ಹಿಬರ್ಟ್ ಮುರಿದರು.

ಹಾಗಂತ ಪ್ರತಿ ಕಥೆಯಲ್ಲೂ ಗುರುತೇ ಅಡ್ಡಿಯಾಗಬೇಕು ಅಂತಿಲ್ಲ. ಹಾಗೆ ಮಾಡಿದರೆ ಅದೂ ಬೇಸರ. ಕಪ್ಪು ಹುಡುಗಿ ಬಂದಳು ಅಂದರೆ ಕಣ್ಣೀರು ಬಂತು ಅಂತಲೇ ಆಗಿಬಿಡುತ್ತದೆ. ಜಾಸ್ಮಿನ್ ಗಿಲೊರಿ 2018ರಲ್ಲಿ ಬರೆದ 'ದಿ ವೆಡ್ಡಿಂಗ್ ಡೇಟ್' ಶುರುವಾಗುವುದು ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲಿನಲ್ಲಿ ಕೆಟ್ಟು ನಿಂತ ಲಿಫ್ಟಿನಿಂದ. ನಾಯಕಿ ಬರ್ಕ್ಲಿಯ ಮೇಯರ್ ಕಚೇರಿಯಲ್ಲಿ ದೊಡ್ಡ ಹುದ್ದೆಯ ಕಪ್ಪು ಹೆಣ್ಣು, ನಾಯಕ ಲಾಸ್ ಏಂಜಲೀಸ್‌ನ ಬಿಳಿಯ ಮಕ್ಕಳ ಡಾಕ್ಟರ್. ಇವರ ತೊಡಕು ಊರಿನ ದೂರ, ಅವನ ಹಿಂಜರಿಕೆ. ಬಣ್ಣದ ಮಾತು ಬರುವುದು ಸಣ್ಣದಾಗಿ. ಅವನು ಕರೆದ ಮದುವೆಯಲ್ಲಿ ಕಪ್ಪು ಬಣ್ಣದವಳು ತಾನೊಬ್ಬಳೇನಾ ಅನ್ನುವ ಯೋಚನೆ ಅವಳಿಗೆ ಬರುತ್ತದೆ, ಅವನಿಗೆ ಅದು ತಲೆಗೇ ಹೊಳೆದಿರುವುದಿಲ್ಲ. ಅಷ್ಟೇ. ಆ ಅಷ್ಟೇ ಅನ್ನುವುದೇ ಹಲವು ಓದುಗರಿಗೆ ಹಿಡಿಸಿತು.

## ಸುಖಾಂತ್ಯಕ್ಕೆ ಕಾನೂನೂ ಬೇಕಿತ್ತು

ಇನ್ನೊಂದು ಕಾರಣದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಕಪ್ಪು-ಬಿಳಿ ಮದುವೆ 1967ರವರೆಗೆ ಅಪರಾಧವಾಗಿತ್ತು. ಆ ವರ್ಷ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ಹೊಡೆದುಹಾಕಿತು. ಸಲಿಂಗಿಗಳ ಮದುವೆಗೆ ಇಡೀ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2015ರ ಜೂನ್‌ನಲ್ಲಿ. ಮದುವೆಯೇ ಆಗಲಾರದವರ ಬಗ್ಗೆ 'ಸುಖವಾಗಿ ಬಾಳಿದರು' ಅಂತ ಬರೆದರೆ ಓದುಗರು ನಂಬಬೇಕಲ್ವಾ? ಅದಕ್ಕೇ ಹಳೆಯ ಸಲಿಂಗ ಪ್ರೇಮದ ಕಾದಂಬರಿಗಳಲ್ಲಿ ಸಾವು, ಅಗಲಿಕೆ ಜಾಸ್ತಿ. ಕಾನೂನು ಬದಲಾದ ಮೇಲೆ ಆ ಪ್ರೀತಿಗೂ ಮದುವೆಯ ಕೇಕು, ಅತ್ತೆಮನೆಯ ಕಿರಿಕಿರಿ, ಮನೆ ಸಾಲ ಎಲ್ಲ ದಕ್ಕಿತು.

2019ರಲ್ಲಿ ಅಮೆರಿಕದ ಅಧ್ಯಕ್ಷೆಯ ಮಗನೂ ಬ್ರಿಟನ್ನಿನ ರಾಜಕುಮಾರನೂ ಪ್ರೀತಿಸುವ ಕೇಸಿ ಮೆಕ್‌ಕ್ವಿಸ್ಟನ್ ಅವರ ಕಾದಂಬರಿ ದೊಡ್ಡ ಹಿಟ್ ಆಯಿತು. 2023ರಲ್ಲಿ ಸಿನಿಮಾ ಬಂತು. 2025ರ ನವೆಂಬರ್‌ನಲ್ಲಿ ಕೆನಡಾದಿಂದ ಬಂದ 'ಹೀಟೆಡ್ ರೈವಲ್ರಿ' ಸರಣಿಯಲ್ಲಿ ಇಬ್ಬರು ಐಸ್ ಹಾಕಿ ಆಟಗಾರರು. ಅದರ ಮೂಲ ರೇಚಲ್ ರೀಡ್ ಅವರ ಕಾದಂಬರಿ, ಹಾರ್ಲೆಕ್ವಿನ್ ಅನ್ನುವ ದೊಡ್ಡ ರೊಮ್ಯಾನ್ಸ್ ಪ್ರಕಾಶನದ ಇ-ಬುಕ್ ವಿಭಾಗದಿಂದ ಬಂದದ್ದು. ಅದನ್ನು ಹುಚ್ಚೆದ್ದು ನೋಡಿದವರಲ್ಲಿ ಹೆಂಗಸರು ಬಹಳ.

ಇಲ್ಲಿ ಒಂದು ಸುಲಭದ ವಾದ ಬಿದ್ದುಹೋಗುತ್ತದೆ. ಜನ ತಮ್ಮಂಥವರನ್ನು ನೋಡಲು ಇಂಥ ಪುಸ್ತಕ ಓದುತ್ತಾರೆ ಅನ್ನುತ್ತಾರೆ. ನಿಜ, ಅದೂ ಇದೆ. ಜೀವನವಿಡೀ ಗೆಳತಿಯ ಪಾತ್ರದಲ್ಲೇ ತನ್ನ ಬಣ್ಣದವರನ್ನು ನೋಡಿದವಳಿಗೆ ಮುಖಪುಟದಲ್ಲಿ ನಾಯಕಿಯಾಗಿ ನೋಡುವುದು ಸಣ್ಣ ವಿಷಯವಲ್ಲ. ಆದರೆ ಹಾಕಿಯನ್ನೇ ಆಡದ, ಗಂಡಸೇ ಅಲ್ಲದ ಓದುಗಳಿಗೆ ಈ ಕಥೆಯಲ್ಲಿ ತನ್ನ ಮುಖ ಕಾಣುವುದಿಲ್ಲ. ಅವಳಿಗೆ ಸಿಗುವುದು ನಿಜವಾದ ಅಡ್ಡಿ. ಎದುರಾಳಿ ತಂಡಗಳು, ಡ್ರೆಸ್ಸಿಂಗ್ ರೂಮಿನ ಮಾತು, ಒಬ್ಬನ ಊರು ರಷ್ಯಾ. ಇವರು ಬಚ್ಚಿಟ್ಟುಕೊಳ್ಳಲು ಕಾರಣ ಇದೆ.

## ಬಾಗಿಲಲ್ಲೇ ನಿಂತ ನಲವತ್ತು ವರ್ಷ

ಇಷ್ಟೆಲ್ಲ ಬೇಡಿಕೆ ಇದ್ದರೆ ಪ್ರಕಾಶಕರು ಮೊದಲೇ ಯಾಕೆ ಮಾಡಲಿಲ್ಲ? ಮಾಡಿದ್ದರು. ಮಾಡಿ ಒಂದು ಮೂಲೆಗಿಟ್ಟಿದ್ದರು.

1980ರಲ್ಲಿ ಡೆಲ್ ಪ್ರಕಾಶನದ ಸಂಪಾದಕಿ ವಿವಿಯನ್ ಸ್ಟೀಫನ್ಸ್ ಒಂದು ಪುಸ್ತಕ ತಂದರು. ಕಪ್ಪು ಲೇಖಕಿ, ಕಪ್ಪು ನಾಯಕ-ನಾಯಕಿ. ಆ ಬಗೆಯ ಮೊದಲ ರೊಮ್ಯಾನ್ಸ್ ಅಂತ ಅದನ್ನು ಹೇಳುತ್ತಾರೆ. ಸ್ಟೀಫನ್ಸ್ ಕೂಡ ಕಪ್ಪು ಹೆಣ್ಣು, ಹ್ಯೂಸ್ಟನ್‌ನವರು. ಅದೇ ವರ್ಷ ಹ್ಯೂಸ್ಟನ್‌ನಲ್ಲಿ ಹುಟ್ಟಿದ ಲೇಖಕರ ಸಂಘದ ಸ್ಥಾಪಕರಲ್ಲೂ ಅವರೊಬ್ಬರು. ಹೌದು, ಈಗ ದಿವಾಳಿಯಾದ ಅದೇ ಸಂಘ.

1994ರಲ್ಲಿ ಕಪ್ಪು ಓದುಗರಿಗಾಗಿಯೇ ಅರಬೆಸ್ಕ್ ಅನ್ನುವ ಮಾಲೆ ಬಂತು. ಅದು ಕೈ ಬದಲಾಗಿ ಹಾರ್ಲೆಕ್ವಿನ್ ಸೇರಿ ಕಿಮಾನಿ ಆಯಿತು. 2017ರಲ್ಲಿ ಹಾರ್ಲೆಕ್ವಿನ್ ಅದನ್ನು ಮುಚ್ಚುವುದಾಗಿ ಹೇಳಿತು. ಬೇರೆ ಮಾಲೆ ಮಾಡಿದ್ದರಿಂದ ಲೇಖಕಿಯರಿಗೆ ಅವಕಾಶ ಸಿಕ್ಕಿತು, ಖಂಡಿತ. ಆದರೆ ಅಂಗಡಿಯವರು ಆ ಪುಸ್ತಕಗಳನ್ನು ರೊಮ್ಯಾನ್ಸ್ ಕಪಾಟಿನಲ್ಲಿ ಇಡುತ್ತಿರಲಿಲ್ಲ. ಎಷ್ಟೋ ಕಡೆ 'ಆಫ್ರಿಕನ್ ಅಮೆರಿಕನ್' ಅನ್ನುವ ಕಪಾಟಿಗೆ ಹೋಗುತ್ತಿದ್ದವು. ಇತಿಹಾಸ, ಜೀವನಚರಿತ್ರೆಗಳ ಪಕ್ಕ ಪ್ರೇಮಕಥೆ. ರೊಮ್ಯಾನ್ಸ್ ಹುಡುಕಿ ಬಂದ ಬಿಳಿಯ ಓದುಗರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕಣ್ಣಿಗೆ ಬೀಳದ್ದು ಮಾರಾಟವಾಗುವುದಿಲ್ಲ. ಮಾರಾಟವಾಗದ್ದನ್ನು ನೋಡಿ ಪ್ರಕಾಶಕರು, ನೋಡಿ ಬಿಳಿಯರು ಇಂಥದ್ದು ಓದಲ್ಲ ಅಂದರು. ಮುಂದಿನ ಪುಸ್ತಕಕ್ಕೆ ಮುಂಗಡ ಇಳಿಯಿತು, ಪ್ರಚಾರವೂ ಇಳಿಯಿತು. ಯಾರೂ ಬೇಕಂತ ಕೆಟ್ಟದ್ದು ಮಾಡದೆಯೇ ಚಕ್ರ ಹೀಗೆ ತಿರುಗುತ್ತದೆ.

ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಇಬ್ಬರು ಅಕ್ಕತಂಗಿಯರು 2016ರಲ್ಲಿ 'ದಿ ರಿಪ್ಡ್ ಬಾಡಿಸ್' ಅನ್ನುವ ಅಂಗಡಿ ತೆರೆದರು. ರೊಮ್ಯಾನ್ಸ್ ಬಿಟ್ಟು ಬೇರೇನೂ ಮಾರುವುದಿಲ್ಲ. ಅವರು ಪ್ರತಿ ವರ್ಷ ಲೆಕ್ಕ ಹಾಕತೊಡಗಿದರು: ದೊಡ್ಡ ಪ್ರಕಾಶಕರ ರೊಮ್ಯಾನ್ಸ್ ಪುಸ್ತಕಗಳಲ್ಲಿ ಬಿಳಿಯರಲ್ಲದವರು ಬರೆದದ್ದೆಷ್ಟು? 2016ರಲ್ಲಿ ಶೇ. 7.8. 2017ರಲ್ಲಿ 6.2. 2018ರಲ್ಲಿ 7.7, 2019ರಲ್ಲಿ 8.3. ಅಮೆರಿಕದ ಜನಸಂಖ್ಯೆಯಲ್ಲಿ ಅಂಥವರು ಶೇ. 40ರಷ್ಟಿದ್ದಾರೆ.

ಈ ಬಾಗಿಲನ್ನು ಮೊದಲು ದೂಡಿದ್ದು ಅಮೆಜಾನ್. 2007ರಲ್ಲಿ ಅದರ ಇ-ಬುಕ್ ಓದುವ ಸಾಧನ ಕಿಂಡಲ್ ಬಂದ ಮೇಲೆ ಯಾರ ಒಪ್ಪಿಗೆಯೂ ಇಲ್ಲದೆ ಪುಸ್ತಕ ಹಾಕಬಹುದಾಯಿತು. ಪ್ರಕಾಶಕರು ತಿರಸ್ಕರಿಸಿದ ಲೇಖಕಿಯರು ತಾವೇ ಮಾರಿ ಓದುಗರನ್ನು ಗಳಿಸಿದರು. ಆ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಪ್ರಕಾಶಕರು ಹುಡುಕಿಕೊಂಡು ಬಂದರು. ಮುಖಪುಟಕ್ಕೆ ಫೋಟೊ ಬದಲು ಚಿತ್ರ ಬರೆಸುವ ಫ್ಯಾಷನ್ನೂ ನೆರವಾಯಿತು. ಕಪ್ಪು ಅಥವಾ ಕಂದು ಬಣ್ಣದ ಜೋಡಿಗಳ ಸ್ಟಾಕ್ ಫೋಟೊ ಸಿಗುವುದೇ ಕಷ್ಟವಿತ್ತು. ಚಿತ್ರವಾದರೆ ಆ ತಾಪತ್ರಯ ಇಲ್ಲ.

## ಪ್ರಶಸ್ತಿಯ ಅಂಕಪಟ್ಟಿ

ಸಂಘದ ದೊಡ್ಡ ಪ್ರಶಸ್ತಿ ರೀಟಾ. 1982ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. 2018ರಲ್ಲಿ ಸಂಘವೇ ಒಪ್ಪಿಕೊಂಡ ಸಂಗತಿ: ಅಷ್ಟು ವರ್ಷಗಳ ಅಂತಿಮ ಪಟ್ಟಿಗಳಲ್ಲಿ ಕಪ್ಪು ಲೇಖಕರ ಪುಸ್ತಕ ಶೇ. 1ರಷ್ಟೂ ಇರಲಿಲ್ಲ, ಗೆದ್ದವರಂತೂ ಒಬ್ಬರೂ ಇಲ್ಲ. ಆ ವರ್ಷ ಕಪ್ಪು ಲೇಖಕಿ ಅಲಿಸ್ಸಾ ಕೋಲ್ ಅವರ ಕಾದಂಬರಿ ಅಂತಿಮ ಪಟ್ಟಿಗೂ ಬರಲಿಲ್ಲ ಅನ್ನುವುದು ಗಲಾಟೆಗೆ ಕಾರಣವಾಗಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದ ಕಥೆ. ಗುಲಾಮಗಿರಿಯಿಂದ ಬಿಡುಗಡೆಯಾದ ಹೆಣ್ಣೊಬ್ಬಳು ಉತ್ತರದವರಿಗೆ ಗೂಢಚಾರಿಣಿಯಾಗುತ್ತಾಳೆ. ವಿಮರ್ಶಕರೆಲ್ಲ ಹೊಗಳಿದ್ದರು.

ಇದಕ್ಕೆ ಪಿತೂರಿ ಬೇಕಿರಲಿಲ್ಲ. ತೀರ್ಪುಗಾರರು ಬೇರೆ ಯಾರೂ ಅಲ್ಲ, ಸಂಘದ ಸದಸ್ಯರೇ. ಸದಸ್ಯರಲ್ಲಿ ಹೆಚ್ಚಿನವರು ಬಿಳಿಯರು. ನಾಯಕಿಯ ಜೊತೆ ಮನಸ್ಸು ಸೇರಲಿಲ್ಲ ಅಂತ ಕೆಲವರು ಅಂಕ ಕಡಿಮೆ ಕೊಟ್ಟರೂ ಸಾಕು, ಸರಾಸರಿ ಕುಸಿಯುತ್ತದೆ. 2019ರಲ್ಲಿ ಕಪ್ಪು ಲೇಖಕಿ ಕೆನೆಡಿ ರಯಾನ್ ಕೊನೆಗೂ ಗೆದ್ದರು.

ಗೆದ್ದ ಐದೇ ತಿಂಗಳಿಗೆ ಸಂಘ ಒಡೆಯಿತು.

## 2019ರ ಡಿಸೆಂಬರ್

ಕೋರ್ಟ್ನಿ ಮಿಲನ್ ಹೆಸರಾದ ಲೇಖಕಿ, ಚೀನೀ ಮೂಲದವರು, ಸಂಘದ ನೈತಿಕ ಸಮಿತಿಯಲ್ಲೇ ಇದ್ದವರು. ಆ ಆಗಸ್ಟ್‌ನಲ್ಲಿ ಅವರು ಟ್ವಿಟರ್‌ನಲ್ಲಿ ಒಂದು ಹಳೆಯ ಕಾದಂಬರಿಯ ಚೀನೀ ಪಾತ್ರಗಳನ್ನು ಕಟುವಾಗಿ ಟೀಕಿಸಿದರು, ಅದು ಜನಾಂಗದ್ವೇಷ ಅಂದರು. ಇದರಿಂದ ತನ್ನ ವೃತ್ತಿಗೆ ಪೆಟ್ಟಾಯಿತು ಅಂತ ಆ ಕಾದಂಬರಿ ಬರೆದವರಿಂದ ಸಂಘಕ್ಕೆ ದೂರು ಹೋಯಿತು. ಕ್ರಿಸ್‌ಮಸ್‌ಗೆ ಒಂದೆರಡು ದಿನ ಇರುವಾಗ ತೀರ್ಮಾನ ಹೊರಬಿತ್ತು: ಮಿಲನ್‌ಗೆ ಒಂದು ವರ್ಷ ಅಮಾನತು, ಸಂಘದ ಪದಾಧಿಕಾರ ಜೀವನಪೂರ್ತಿ ಇಲ್ಲ.

ಪುಸ್ತಕ ಬರೆದವರಿಗೆ ಏನೂ ಆಗಲಿಲ್ಲ, ಪುಸ್ತಕದ ಬಗ್ಗೆ ಮಾತಾಡಿದವರಿಗೆ ಶಿಕ್ಷೆ ಅಂತ ಸದಸ್ಯರು ಸಿಟ್ಟಾದರು. ಸಂಘ ಒಂದೇ ದಿನದಲ್ಲಿ ಶಿಕ್ಷೆ ಹಿಂತೆಗೆದುಕೊಂಡಿತು. ಆಗಲೇ ತಡವಾಗಿತ್ತು. ಆಡಳಿತ ಮಂಡಳಿಯವರು ಸಾಲಾಗಿ ರಾಜೀನಾಮೆ ಕೊಟ್ಟರು. ದೊಡ್ಡ ಪ್ರಕಾಶಕರು ವಾರ್ಷಿಕ ಸಮ್ಮೇಳನದಿಂದ ಹಿಂದೆ ಸರಿದರು. 2020ರ ರೀಟಾ ರದ್ದಾಯಿತು.

ಸಂಘ ರೀಟಾವನ್ನೇ ಕೈಬಿಟ್ಟು ವಿವಿಯನ್ ಸ್ಟೀಫನ್ಸ್ ಹೆಸರಿನಲ್ಲಿ 'ದಿ ವಿವಿಯನ್' ಅನ್ನುವ ಹೊಸ ಪ್ರಶಸ್ತಿ ಮಾಡಿತು. 2021ರಲ್ಲಿ ಮೊದಲ ಸಲ ಕೊಟ್ಟಾಗ ಧಾರ್ಮಿಕ ವಿಭಾಗದಲ್ಲಿ ಗೆದ್ದ ಪುಸ್ತಕ ಯಾವುದು ಗೊತ್ತಾ? ಅದರ ನಾಯಕ 1890ರ ವೂಂಡೆಡ್ ನೀ ಹತ್ಯಾಕಾಂಡದಲ್ಲಿದ್ದ ಅಮೆರಿಕ ಸೇನೆಯ ಕುದುರೆ ಸವಾರ ಪಡೆಯವನು. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದ ದಿನ ಅದು. ಮತ್ತೆ ಗಲಾಟೆ, ಪ್ರಶಸ್ತಿ ವಾಪಸ್. ನಿಯಮ ಬದಲಾದರೂ ಓದುವ ಕಣ್ಣು ಬದಲಾಗಿರಲಿಲ್ಲ ಅಂತ ಒಂದು ಕಡೆಯವರು ಬಿಟ್ಟು ಹೋದರು. ತೀರ್ಪುಗಾರರು ಕೊಟ್ಟದ್ದನ್ನು ಟ್ವಿಟರ್‌ಗೆ ಹೆದರಿ ಕಿತ್ತುಕೊಂಡರು ಅಂತ ಇನ್ನೊಂದು ಕಡೆಯವರೂ ಬಿಟ್ಟು ಹೋದರು. ಸಂಘ ಒಂದೇ ಏಟಿಗೆ ಇಬ್ಬರನ್ನೂ ಕಳೆದುಕೊಂಡಿತು.

## ದುಡ್ಡು ಹೋದದ್ದೆಲ್ಲಿಗೆ

ಸದಸ್ಯರು ಕಡಿಮೆಯಾದರೆ ಸಂಘ ಚಿಕ್ಕದಾಗಬೇಕು, ದಿವಾಳಿ ಯಾಕೆ? ಉತ್ತರ ಹೋಟೆಲುಗಳಲ್ಲಿದೆ. ಸಾವಿರಾರು ಜನ ಸೇರುವ ಸಮ್ಮೇಳನಕ್ಕೆ ಹೋಟೆಲುಗಳನ್ನು ವರ್ಷಗಳ ಮುಂಚೆಯೇ ಗೊತ್ತು ಮಾಡಬೇಕು. ಇಷ್ಟು ರೂಮು ತುಂಬಿಸುತ್ತೇವೆ ಅಂತ ಕರಾರು, ತುಂಬದಿದ್ದರೆ ದಂಡ. ಐನೂರು ಎಲೆ ಊಟಕ್ಕೆ ಹೇಳಿ ಚೌಲ್ಟ್ರಿ ಹಿಡಿದ ಮೇಲೆ ನೆಂಟರು ಐವತ್ತೇ ಜನ ಬಂದ ಹಾಗಾಯಿತು ಇದು. ಜನ ಹತ್ತು ಸಾವಿರ ಇದ್ದಾಗಿನ ಅಂದಾಜು, ಎರಡು ಸಾವಿರ ಆದಾಗ ಬಿಲ್ಲು. ನಡುವೆ ಕೊರೋನಾ. ಹೋಟೆಲುಗಳಿಗೆ ಕೊಡಬೇಕಾದದ್ದೇ ಸುಮಾರು 30 ಲಕ್ಷ ಡಾಲರ್.

ಹಾಗಾಗಿ ಅರ್ಜಿಯಲ್ಲಿದ್ದ ವಾಕ್ಯವನ್ನು ಸರಿಯಾಗಿ ಓದಬೇಕು. ವೈವಿಧ್ಯದ ಕಥೆಗಳಿಂದ ನಷ್ಟವಾಯಿತು ಅಂತ ಅದರಲ್ಲಿಲ್ಲ. ಅವುಗಳ ಬಗೆಗಿನ ಜಗಳದಿಂದ ಸದಸ್ಯರು ಹೋದರು ಅಂತ ಇದೆ. ಓದುಗರು ಆ ಹೊತ್ತಿಗೆ ಮುಂದೆ ಹೋಗಿ ಆಗಿತ್ತು. ಸಂಘ ಮಾತ್ರ ಇದನ್ನು ಶಿಸ್ತಿನ ಪ್ರಶ್ನೆ, ಟ್ವೀಟಿನ ಪ್ರಶ್ನೆ ಅಂತಲೇ ನೋಡಿತು, ಬರವಣಿಗೆಯ ಪ್ರಶ್ನೆ ಅಂತ ನೋಡಲಿಲ್ಲ.

## ಎದುರು ಮಾತುಗಳು

ಪ್ರೀತಿ ಎಲ್ಲರಿಗೂ ಒಂದೇ, ಲೇಬಲ್ ಯಾಕೆ ಅನ್ನುವವರಿದ್ದಾರೆ. ಪ್ರೀತಿ ಒಂದೇ ಇರಬಹುದು, ಅಡ್ಡಿ ಒಂದೇ ಅಲ್ಲ. ಈ ಮಾತಿಗೆ ಇಷ್ಟು ಸಾಕು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಯಾರ ಕಥೆಯನ್ನು ಯಾರು ಬರೆಯಬಹುದು? 2015ರಲ್ಲಿ 'ಓನ್ ವಾಯ್ಸಸ್' ಅನ್ನುವ ಹ್ಯಾಷ್‌ಟ್ಯಾಗ್ ಶುರುವಾಯಿತು. ಆ ಸಮುದಾಯದವರೇ ಬರೆದ ಪುಸ್ತಕ ಹುಡುಕಲು ಸುಲಭವಾಗಲಿ ಅಂತ. ಬರಬರುತ್ತಾ ಅದು ಪ್ರಮಾಣಪತ್ರ ಕೇಳುವ ಹಂತಕ್ಕೆ ಬಂತು. ಹದಿಹರೆಯದವರಿಗೆ ಸಲಿಂಗ ಪ್ರೇಮದ ಕಥೆ ಬರೆದ ಬೆಕಿ ಆಲ್ಬರ್ಟಾಲಿಯನ್ನು, ನಿಮಗೇನು ಹಕ್ಕು ಅಂತ ವರ್ಷಗಟ್ಟಲೆ ಕೇಳಿದರು. 2020ರಲ್ಲಿ ಅವರು ತಾನೂ ದ್ವಿಲಿಂಗಾಸಕ್ತೆ ಅಂತ ಬಹಿರಂಗವಾಗಿ ಹೇಳಬೇಕಾಯಿತು, ಅದೂ ಒತ್ತಡಕ್ಕೆ ಸಿಕ್ಕಿ. 2021ರಲ್ಲಿ 'ವಿ ನೀಡ್ ಡೈವರ್ಸ್ ಬುಕ್ಸ್' ಸಂಸ್ಥೆ ಆ ಪದ ಬಳಸುವುದನ್ನೇ ಬಿಟ್ಟಿತು. ಪುಸ್ತಕ ಚೆನ್ನಾಗಿದೆಯಾ ಅನ್ನುವುದನ್ನು ಬಿಟ್ಟು ಬರೆದವರ ಮನೆಯ ಬಾಗಿಲು ತಟ್ಟುವುದು ನ್ಯಾಯ ಅನ್ನಿಸುವುದಿಲ್ಲ.

ಮೂರನೆಯದು ರಾಜಕೀಯ. ಪೆನ್ ಅಮೆರಿಕ ಸಂಸ್ಥೆಯ ಎಣಿಕೆಯಂತೆ 2023-24ರ ಶಾಲಾ ವರ್ಷವೊಂದರಲ್ಲೇ ಶಾಲೆಗಳಿಂದ ಪುಸ್ತಕಗಳನ್ನು ತೆಗೆದುಹಾಕಿದ ಪ್ರಕರಣ 10,000 ದಾಟಿದೆ. ಲೈಂಗಿಕ ವಿಷಯ, ಸಲಿಂಗ ಪಾತ್ರ, ಜನಾಂಗದ ಮಾತು ಇರುವ ಪುಸ್ತಕಗಳೇ ಅದರಲ್ಲಿ ಜಾಸ್ತಿ. ದೊಡ್ಡವರ ರೊಮ್ಯಾನ್ಸ್‌ಗೆ ಇದರ ನೇರ ಪೆಟ್ಟು ಕಡಿಮೆ. ಆದರೆ ಹದಿನೇಳರಲ್ಲಿ ಇಂಥದ್ದು ಓದದವಳು ಇಪ್ಪತ್ತೇಳರಲ್ಲಿ ಹುಡುಕಿಕೊಂಡು ಬರುವುದು ಅಪರೂಪ.

ಇನ್ನು 3.9 ಕೋಟಿಯ ಲೆಕ್ಕ. ಅದನ್ನು ವೈವಿಧ್ಯದ ಗೆಲುವು ಅಂತ ತೋರಿಸುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಆ ಏರಿಕೆಯ ದೊಡ್ಡ ಪಾಲು ಟಿಕ್‌ಟಾಕ್‌ನಲ್ಲಿ ಓಡಿದ ನಾಲ್ಕಾರು ಹೆಸರುಗಳದ್ದು, ಡ್ರ್ಯಾಗನ್-ರಾಜಕುಮಾರರ ಫ್ಯಾಂಟಸಿ ಪ್ರೇಮಕಥೆಗಳದ್ದು. ಪಟ್ಟಿಯ ತುದಿಯಲ್ಲಿರುವವರು ಬಹುತೇಕ ಬಿಳಿಯರೇ. ಆಲ್ಗರಿದಮ್ ಹೊಸ ಕಪಾಟು ಆಗಿಬಿಟ್ಟಿದೆ ಅಂತ ಕಪ್ಪು ಲೇಖಕಿಯರು ದೂರುವುದರಲ್ಲಿ ಹುರುಳಿದೆ.

## ಭಾರತದ ಕಡೆಯಿಂದ ನೋಡಿದರೆ

ಮಿಲ್ಸ್ ಅಂಡ್ ಬೂನ್ ಓದಿ ಬೆಳೆದ ಬೆಂಗಳೂರು, ಮೈಸೂರಿನ ಓದುಗರಿಗೆ ಗ್ರೀಕ್ ಕೋಟ್ಯಧಿಪತಿ, ಅರಬ್ ಶೇಖ್ ಇವರೆಲ್ಲ ಪರಿಚಯ. ಕಂದು ಬಣ್ಣದ ನಾಯಕಿ ಮಾತ್ರ ಕಾಣುತ್ತಿರಲಿಲ್ಲ. ಈಗ ಅಮೆರಿಕದಲ್ಲಿರುವ ಸೊನಾಲಿ ದೇವ್ 2014ರ ಕಾದಂಬರಿಯಲ್ಲಿ ರಾಜಸ್ಥಾನದ ಮಿಲಿಯನ್ನು ನಾಯಕಿ ಮಾಡಿದರು. ನಾಲ್ಕು ವರ್ಷಕ್ಕೇ ಮದುವೆಯಾದವಳು, ಆಮೇಲೆ ಗಂಡನನ್ನು ನೋಡಿಯೇ ಇಲ್ಲದವಳು, ಓದಲು ಮಿಷಿಗನ್‌ಗೆ ಹೋಗುತ್ತಾಳೆ. ಆ ಮದುವೆ ಮುರಿಯುವ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಗಂಡನ ತಮ್ಮ ಬರುತ್ತಾನೆ. ಇಂಥ ಅಡ್ಡಿಯನ್ನು ಬಿಳಿಯ ಅಮೆರಿಕದ ಕಥೆಯಲ್ಲಿ ಎಲ್ಲಿಂದ ತರುತ್ತೀರಿ?

ಕನ್ನಡದಲ್ಲಿ ಅಂತರ್ಜಾತಿ ಪ್ರೀತಿಯ ಕಾದಂಬರಿ ಹೊಸದಲ್ಲ. ಆದರೆ ಅವು ಹೆಚ್ಚಾಗಿ ಸಾಮಾಜಿಕ ಕಾದಂಬರಿಗಳು, ಸುಖಾಂತ್ಯದ ಖಾತ್ರಿ ಇರುವುದಿಲ್ಲ. ವಾರಪತ್ರಿಕೆಗಳ ಧಾರಾವಾಹಿ ಪ್ರೇಮಕಥೆಗಳಲ್ಲಿ ಸುಖಾಂತ್ಯ ಇರುತ್ತಿತ್ತು, ಜಾತಿಯ ಮಾತು ಸುಮ್ನೆ ಜಾರಿಕೊಳ್ಳುತ್ತಿತ್ತು. ಎರಡೂ ಒಟ್ಟಿಗೆ ಬರುವುದು ಕಡಿಮೆ. 2014ರಲ್ಲಿ ಶುರುವಾದ ಬೆಂಗಳೂರಿನ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಲೇಖಕಿಯರು ಸಂಪಾದಕರ ಅಪ್ಪಣೆ ಇಲ್ಲದೆ ಪ್ರೇಮಕಥೆ ಬರೆಯುತ್ತಿದ್ದಾರೆ. ಅಮೆರಿಕದಲ್ಲಿ ಕಿಂಡಲ್ ಮಾಡಿದ ಕೆಲಸ ಇಲ್ಲಿ ಆಗುತ್ತದಾ ಅನ್ನುವುದು ನೋಡಬೇಕಾದ್ದು. ಒಂದು ಮಿತಿಯಂತೂ ಎದುರಿಗಿದೆ. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು, 2023ರ ಅಕ್ಟೋಬರ್‌ನಲ್ಲಿ ಮದುವೆಗೆ ಮಾನ್ಯತೆ ಕೊಡಲಿಲ್ಲ. ಜಯನಗರದ ಇಬ್ಬರು ಹುಡುಗಿಯರ ಪ್ರೇಮಕಥೆ ಬರೆಯುವವರು ಕೊನೆಯ ಅಧ್ಯಾಯವನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಸುವ ಹಾಗಿಲ್ಲ.

## ಮುಂದೇನಾಗಬಹುದು

ಅಮೆರಿಕದಲ್ಲಿ ಅಷ್ಟು ದೊಡ್ಡ ಸಂಘ ಮತ್ತೆ ಕಟ್ಟುವುದು ಕಷ್ಟ. ಕರಾರು ಓದುವುದು, ಏಜೆಂಟರನ್ನು ಭೇಟಿ ಮಾಡಿಸುವುದು, ಹೊಸಬರಿಗೆ ಹಸ್ತಪ್ರತಿ ತಿದ್ದಿಕೊಡುವುದು, ಈ ಕೆಲಸ ಚಿಕ್ಕ ಗುಂಪುಗಳಿಗೆ ಹಂಚಿಹೋಗುತ್ತದೆ. ಹೆಸರಾದವರಿಗೆ ಇದರಿಂದ ತೊಂದರೆಯಿಲ್ಲ. ಮೊದಲ ಪುಸ್ತಕದವರಿಗೆ, ಅದರಲ್ಲೂ ಪರಿಚಯದವರು ಯಾರೂ ಇಲ್ಲದ ವಲಸಿಗರ ಮಕ್ಕಳಿಗೆ, ನಷ್ಟ ಜಾಸ್ತಿ.

ಪ್ರಕಾಶಕರು ಈ ಕಥೆಗಳನ್ನು ಬಿಡುವುದಿಲ್ಲ. ಆದರೆ ಆರಿಸುವ ರೀತಿ ಬದಲಾಗಬಹುದು: ಸಿನಿಮಾ, ಸರಣಿ ಆಗುವಂಥದ್ದಕ್ಕೆ ದೊಡ್ಡ ಮುಂಗಡ, ಉಳಿದದ್ದಕ್ಕೆ ಇ-ಬುಕ್. ಹಾಕಿ ಆಟಗಾರರ ಕಥೆ ಗೆದ್ದ ಮೇಲೆ ಇನ್ನೆರಡು ವರ್ಷ ಹಾಕಿ ಕಥೆಗಳದ್ದೇ ಸಂತೆ. ಅದರಲ್ಲಿ ಫೈಬ್ರೊಮಯಾಲ್ಜಿಯಾದ ನಾಯಕಿಗೆ ಜಾಗ ಸಿಗುತ್ತದಾ ಅನ್ನುವುದು ಅನುಮಾನ. ಸಮಾಧಾನದ ಸಂಗತಿ ಅಂಗಡಿಗಳದ್ದು. ಕಲ್ವರ್ ಸಿಟಿಯ ಅಕ್ಕತಂಗಿಯರು 2023ರಲ್ಲಿ ಬ್ರೂಕ್ಲಿನ್‌ನಲ್ಲಿ ಎರಡನೇ ಅಂಗಡಿ ತೆರೆದರು. ದೇಶದಲ್ಲಿ ಕೈಬೆರಳೆಣಿಕೆಯಷ್ಟಿದ್ದ ರೊಮ್ಯಾನ್ಸ್ ಅಂಗಡಿಗಳು 2024ರ ಹೊತ್ತಿಗೆ ಇಪ್ಪತ್ತು ದಾಟಿದ್ದವು. ಇಂಥ ಅಂಗಡಿಯಲ್ಲಿ ಬಿಳಿ ನಾಯಕಿಯ ಪಕ್ಕ ಕಪ್ಪು ನಾಯಕಿಯ ಪುಸ್ತಕ ಇಡುವುದಕ್ಕೆ ಯಾವ ಸಮಿತಿಯ ಠರಾವೂ ಬೇಕಿಲ್ಲ.